ಗಾಜಿನ ಪುಡಿ ಹಾಕಿದರೆ ಮುರಿದ ಮೂಳೆ ಕೂಡುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಆಪರೇಷನ್ ಬೇಡ, ರಾಡ್ ಬೇಡ, ಸ್ಕ್ರೂ ಬೇಡ. ವಿಜ್ಞಾನಿಗಳು ಕಂಡುಹಿಡಿದ ವಿಶೇಷ ಗಾಜಿನ ಪುಡಿ ಹಾಕಿದರೆ ಮುರಿದ ಮೂಳೆ ಮೂರೇ ದಿನದಲ್ಲಿ ಕೂಡುತ್ತದೆ. ಎಲ್ಲರಿಗೂ ಕಳಿಸಿ, ಒಬ್ಬ ಬಡವನಿಗಾದರೂ ಉಪಯೋಗವಾಗಲಿ." ಇಂಥ ಅರ್ಥದ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಜೊತೆಗೆ ಕಾಲಿನ ಎಕ್ಸ್‌ರೇ ಚಿತ್ರ, ಬಿಳಿ ಕೋಟಿನವರ ಫೋಟೋ ಇರುತ್ತದೆ. ಕೆಲವೊಮ್ಮೆ ಕೊನೆಯಲ್ಲಿ ಒಂದು ಫೋನ್ ನಂಬರೂ ಇರುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈ ವಿಷಯ ಬರೀ ಕುತೂಹಲದ್ದಲ್ಲ. ಅಡಿಕೆ, ತೆಂಗಿನ ಮರ ಹತ್ತಿ ಜಾರಿ ಬಿದ್ದವರು, ತುಮಕೂರು–ಶಿವಮೊಗ್ಗ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ಬಚ್ಚಲಲ್ಲಿ ಕಾಲು ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು ಯಾವ ಊರಲ್ಲಿ ಇಲ್ಲ? (ನೆಲದ ಮೇಲೆ ನಿಂತೇ ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಮೇಲೆ ಮರ ಹತ್ತುವುದು ಸ್ವಲ್ಪ ಕಡಿಮೆಯಾಗಿದೆ. ಆದರೂ ಎಲ್ಲರ ಕೈಗೂ ಅದು ಬಂದಿಲ್ಲ.) ಹೀಗೆ ಬಿದ್ದವರ ಮನೆಗೆ ಈ ಸಂದೇಶ ತಲುಪಿ, ಅವರು ಆಪರೇಷನ್ ಮುಂದೂಡಿ ಪುಡಿ ಹುಡುಕುತ್ತ ಕೂತರೆ ಕಾಲೇ ಸೊಟ್ಟಗಾಗಬಹುದು. ಹಾಗಾಗಿ ಇದನ್ನು ವಿವರವಾಗಿ ನೋಡೋಣ ಅಂದುಕೊಂಡೆವು.

ಮೊದಲು ಚುಟುಕು ಉತ್ತರ

ಇಂಥ ಗಾಜು ಇರುವುದು ನಿಜ. ಅದರ ಹೆಸರು ಬಯೋಆಕ್ಟಿವ್ ಗ್ಲಾಸ್. ಅದು ಮೂಳೆಯ ಜೊತೆ ಬೆಸೆದುಕೊಳ್ಳುವುದೂ ನಿಜ. ಇದು ಹೊಸ ಸಂಶೋಧನೆಯೂ ಅಲ್ಲ, 50 ವರ್ಷಕ್ಕಿಂತ ಹಳೆಯದು. ಆದರೆ ಅದು ಮುರಿದ ಮೂಳೆಯನ್ನು ಅಂಟಿಸುವುದಿಲ್ಲ, ಮೈಭಾರ ಹೊರುವುದಿಲ್ಲ, ಆಪರೇಷನ್ ತಪ್ಪಿಸುವುದಿಲ್ಲ. ಅದನ್ನು ಮೂಳೆಯೊಳಗೆ ಇಡಬೇಕಾದರೇ ಆಪರೇಷನ್ ಮಾಡಬೇಕು. ಮೂಳೆಯಲ್ಲಿ ಖಾಲಿ ಬಿದ್ದ ಜಾಗವನ್ನು ತುಂಬಿ, ಅಲ್ಲಿ ನಮ್ಮದೇ ಮೂಳೆ ಬೆಳೆಯಲು ಆಸರೆ ಕೊಡುವುದು ಅದರ ಕೆಲಸ. ಸಂದೇಶದಲ್ಲಿ ವಿಜ್ಞಾನದ ಪಾಲು ನಿಜ, ಭರವಸೆಯ ಪಾಲು ಸುಳ್ಳು.

ಮೂಳೆ ತಾನೇ ಕೂಡುತ್ತದಲ್ಲ, ಮತ್ತೆ ತುಂಬುವುದೇನು?

ಒಳ್ಳೆಯ ಪ್ರಶ್ನೆ. ಮುರಿದ ಮೂಳೆಗಳಲ್ಲಿ ಹೆಚ್ಚಿನವಕ್ಕೆ ಯಾವ ಪುಡಿಯೂ ಬೇಕಿಲ್ಲ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಅಲ್ಲಿ ಮೆತ್ತನೆಯ ಗಂಟು ಬೆಳೆಯುತ್ತದೆ. ಆಮೇಲೆ ಅದಕ್ಕೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ. ದೊಡ್ಡವರ ಕೈ ಮೂಳೆಗೆ ಸಾಮಾನ್ಯವಾಗಿ ಆರೇಳು ವಾರ ಸಾಕು, ಮೊಣಕಾಲಿನ ಕೆಳಗಿನ ದಪ್ಪ ಮೂಳೆಗೆ ಮೂರು ನಾಲ್ಕು ತಿಂಗಳೇ ಬೇಕಾಗಬಹುದು. ಪಿಒಪಿ ಕಟ್ಟು, ಪ್ಲೇಟು, ರಾಡು ಇವೆಲ್ಲ ಮೂಳೆಯನ್ನು ಕೂಡಿಸುವುದಿಲ್ಲ. ಮೂಳೆ ಕೂಡುವವರೆಗೆ ಅದನ್ನು ಸರಿಯಾದ ಜಾಗದಲ್ಲಿ ಅಲ್ಲಾಡದಂತೆ ಹಿಡಿದಿರುತ್ತವೆ, ಅಷ್ಟೇ.

ತೊಂದರೆಯಾಗುವುದು ಮೂಳೆಯ ಚೂರು ಕಳೆದುಹೋದಾಗ. ಬೈಕ್ ಅಪಘಾತದಲ್ಲಿ ಚರ್ಮ ಸೀಳಿ ಮೂಳೆ ಹೊರಬಂದು ತುಂಡು ರಸ್ತೆಯಲ್ಲೇ ಬಿದ್ದಿರಬಹುದು. ಮಂಡಿಯ ಹತ್ತಿರ ಮೂಳೆ ಒಳಕ್ಕೆ ಕುಸಿದು ಗುಳಿ ಬಿದ್ದಿರಬಹುದು. ಸೋಂಕು ತಗುಲಿ ಕೀವಾದ ಮೂಳೆಯನ್ನು ಡಾಕ್ಟರು ಕೆರೆದು ತೆಗೆದಿರಬಹುದು, ಗಡ್ಡೆ ತೆಗೆದ ಜಾಗ ಖಾಲಿ ಉಳಿದಿರಬಹುದು. ಇನ್ನು ಕೆಲವರಲ್ಲಿ ತಿಂಗಳುಗಟ್ಟಲೆ ಕಾದರೂ ಮೂಳೆ ಕೂಡುವುದೇ ಇಲ್ಲ. ನೂರು ಮುರಿತಗಳಲ್ಲಿ ಐದರಿಂದ ಹತ್ತು ಹೀಗೆ ತಡವಾಗುತ್ತವೆ ಅಥವಾ ಕೂಡದೆ ಉಳಿಯುತ್ತವೆ ಎಂಬುದು ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಹೇಳುವ ಅಂದಾಜು. ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಈ ಅಪಾಯ ಹೆಚ್ಚು.

ಅಂಥ ಜಾಗಕ್ಕೆ ತುಂಬಲು ಇವತ್ತಿಗೂ ಎಲ್ಲಕ್ಕಿಂತ ಒಳ್ಳೆಯದು ರೋಗಿಯ ಸ್ವಂತ ಮೂಳೆ. ಸಾಮಾನ್ಯವಾಗಿ ಸೊಂಟದ ಮೂಳೆಯ ಅಂಚಿನಿಂದ ಸ್ವಲ್ಪ ಕೆರೆದು ತೆಗೆದು ಇಲ್ಲಿಗೆ ತುಂಬುತ್ತಾರೆ. ಅದರಲ್ಲಿ ಜೀವಂತ ಕೋಶಗಳಿರುತ್ತವೆ, ಮೈ ಅದನ್ನು ಹೊರಗಿನದು ಅನ್ನುವುದಿಲ್ಲ. ಆದರೆ ಅಲ್ಲಿ ಸಿಗುವ ಮೂಳೆಗೆ ಮಿತಿ ಇದೆ. ಇನ್ನೊಂದು ಕಡೆ ಕೊಯ್ಯಬೇಕು, ಆ ಗಾಯದ ನೋವು ಕೆಲವರಿಗೆ ಕಾಲಿನ ನೋವಿಗಿಂತ ಹೆಚ್ಚು ದಿನ ಕಾಡುತ್ತದೆ. ಈ ಕಷ್ಟ ಕಡಿಮೆ ಮಾಡಲೆಂದೇ ಗಾಜು, ಸೆರಾಮಿಕ್ ಬಂದವು.

ಹಾಗೆ ನೋಡಿದರೆ ಹೊರಗಿನ ವಸ್ತು ತುಂಬುವ ಯೋಚನೆ ತುಂಬ ಹಳೆಯದು. 1892ರಲ್ಲೇ ಜರ್ಮನಿಯ ವೈದ್ಯ ಡ್ರೀಸ್‌ಮನ್ ಮೂಳೆಯ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ್ದನ್ನು ದಾಖಲಿಸಿದ್ದರು. ಗಣಪತಿ ಮೂರ್ತಿಗೆ ಬೇಡ ಅಂತ ನಾವು ಜಗಳ ಮಾಡುವ ಅದೇ ಪಿಒಪಿ! ಅದರ ಶುದ್ಧೀಕರಿಸಿದ ರೂಪ ಇಂದಿಗೂ ಬಳಕೆಯಲ್ಲಿದೆ, ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ.

ಬಸ್ಸಿನಲ್ಲಿ ಹುಟ್ಟಿದ ಗಾಜು

1967ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಎಂಬ ವಸ್ತುವಿಜ್ಞಾನಿ ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೊರಟಿದ್ದರು. ಪಕ್ಕದಲ್ಲಿ ಕೂತಿದ್ದವರು ವಿಯೆಟ್ನಾಂ ಯುದ್ಧದಿಂದ ಬಂದಿದ್ದ ಸೇನೆಯ ಕರ್ನಲ್. ಹೆಂಚ್ ತಮ್ಮ ಕೆಲಸದ ಬಗ್ಗೆ ಹೇಳಿದರು: ವಿಕಿರಣ ಬಿದ್ದರೂ ಕೆಡದ ಗಾಜು. ಕರ್ನಲ್ ಕೇಳಿದ್ದು, ಹಾಗಾದರೆ ಮನುಷ್ಯನ ಮೈ ತಿರಸ್ಕರಿಸದ ವಸ್ತುವನ್ನು ಮಾಡಲಾಗುವುದಿಲ್ಲವೇ ಎಂದು. ಆಗಿನ ಲೋಹ, ಪ್ಲಾಸ್ಟಿಕ್ ತುಂಡುಗಳನ್ನು ಮೈ ಒಪ್ಪುತ್ತಿರಲಿಲ್ಲ, ಸೈನಿಕರ ಕೈಕಾಲು ಕತ್ತರಿಸಬೇಕಾಗುತ್ತಿತ್ತು.

1969ರಲ್ಲಿ ಹೆಂಚ್ ತಂಡ ಹೊಸ ಗಾಜಿನ ಚಿಕ್ಕ ತುಂಡುಗಳನ್ನು ಇಲಿಗಳ ತೊಡೆಮೂಳೆಯಲ್ಲಿಟ್ಟು ನೋಡಿತು. ಆರು ವಾರದ ಮೇಲೆ ತುಂಡನ್ನು ಹೊರತೆಗೆಯಲು ಹೋದ ವೈದ್ಯರಿಗೆ ಅದು ಬರಲೇ ಇಲ್ಲ, ಮೂಳೆಗೆ ಬೆಸೆದುಕೊಂಡಿತ್ತು. ಆ ಗಾಜಿನ ಹೆಸರು 45ಎಸ್5. ತೂಕದಲ್ಲಿ 45% ಸಿಲಿಕಾ, 24.5% ಸೋಡಿಯಂ ಆಕ್ಸೈಡ್, 24.5% ಕ್ಯಾಲ್ಸಿಯಂ ಆಕ್ಸೈಡ್, 6% ಫಾಸ್ಫರಸ್ ಪೆಂಟಾಕ್ಸೈಡ್. ಅಂದರೆ ಮರಳಿನ ಅಂಶ, ಸೋಡಾದ ಅಂಶ, ಸುಣ್ಣದ ಅಂಶ, ಸ್ವಲ್ಪ ರಂಜಕ.

ಮನೆಯ ಗಾಜಿಗೂ ಇದಕ್ಕೂ ಏನು ವ್ಯತ್ಯಾಸ?

ಕಿಟಕಿ ಗಾಜು, ಕಾಫಿ ಲೋಟದ ಗಾಜಿನಲ್ಲಿ ಸಿಲಿಕಾ ಸುಮಾರು 70% ಇರುತ್ತದೆ. ಹಾಗಾಗಿ ನೀರಲ್ಲಿಟ್ಟರೂ ವರ್ಷಗಟ್ಟಲೆ ಹಾಗೇ ಇರುತ್ತದೆ. ಅಂಥ ಚೂರು ಕಾಲಿಗೆ ಚುಚ್ಚಿ ಒಳಗೇ ಉಳಿದರೆ ಮೈ ಅದರ ಸುತ್ತ ನಾರಿನ ಗೋಡೆ ಕಟ್ಟಿ ದೂರ ಇಡುತ್ತದೆ, ಇಲ್ಲವೇ ಕೀವಾಗುತ್ತದೆ. ಬಯೋಆಕ್ಟಿವ್ ಗಾಜಿನಲ್ಲಿ ಸಿಲಿಕಾ ಕಡಿಮೆ, ಸುಣ್ಣ ಸೋಡಾ ಹೆಚ್ಚು. ಸಿಲಿಕಾ 60% ದಾಟಿದರೆ ಇಂಥ ಗಾಜು ಮೂಳೆಗೆ ಬೆಸೆಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಯಾರಾದರೂ "ಗಾಜಿನ ಪುಡಿ" ಅಂದ ಮಾತ್ರಕ್ಕೆ ಒಡೆದ ಬಾಟಲಿ ನೆನಪಾಗಬಾರದು. ಯಾವ ಗಾಜನ್ನೂ ಪುಡಿ ಮಾಡಿ ತಿನ್ನುವುದು, ಗಾಯಕ್ಕೆ ಹಚ್ಚುವುದು ಅಪಾಯ.

ಮೈಯೊಳಗೆ ಇಟ್ಟ ತಕ್ಷಣ ಈ ಗಾಜು ನಿಧಾನವಾಗಿ ಕರಗತೊಡಗುತ್ತದೆ. ಮೊದಲು ಸೋಡಿಯಂ ಹೊರಗೆ ಬರುತ್ತದೆ, ಗಾಜಿನ ಮೇಲ್ಮೈ ಮೇಲೆ ಸಿಲಿಕಾದ ಜೆಲ್ಲಿಯಂಥ ಪದರ ಉಳಿಯುತ್ತದೆ. ಆ ಪದರದ ಮೇಲೆ ಕ್ಯಾಲ್ಸಿಯಂ, ಫಾಸ್ಫೇಟ್ ಬಂದು ಕೂರುತ್ತವೆ. ಕೆಲವು ಗಂಟೆಗಳಲ್ಲಿ ಅದು ನಮ್ಮ ಮೂಳೆಯಲ್ಲಿರುವ ಖನಿಜವನ್ನೇ ಹೋಲುವ ಹರಳಾಗುತ್ತದೆ. ಮೂಳೆ ಕಟ್ಟುವ ಕೋಶಗಳು ಅದರ ಮೇಲೆ ತಮ್ಮ ಕೆಲಸ ಶುರುಮಾಡುತ್ತವೆ. ಕರಗಿ ಬಂದ ಸಿಲಿಕಾ, ಕ್ಯಾಲ್ಸಿಯಂ ಅಂಶಗಳು ಆ ಕೋಶಗಳ ಕೆಲವು ಜೀನುಗಳನ್ನು ಚುರುಕುಗೊಳಿಸುತ್ತವೆ ಎಂದೂ ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಗಾಜು ಮೂಳೆಯಾಗಿ ಬದಲಾಗುವುದಿಲ್ಲ. ಅದು ಕರಗುತ್ತ ಹೋದಂತೆ ಆ ಜಾಗಕ್ಕೆ ನಮ್ಮ ಮೂಳೆ ಬರುತ್ತದೆ, ಅದೂ ತಿಂಗಳುಗಳ ಲೆಕ್ಕದಲ್ಲಿ.

ಮೂಳೆ ಅಂದರೆ ಕಲ್ಲಲ್ಲ: ಫ್ಲೋರೈಡ್ ಗೊತ್ತಿದ್ದವರಿಗೆ ಇದು ಗೊತ್ತು

ಮೇಲೆ ಹೇಳಿದ ಹರಳಿನ ಹೆಸರು ಹೈಡ್ರಾಕ್ಸಿಅಪಟೈಟ್. ಒಣ ಹೆಸರು, ಆದರೆ ಕಡೂರು, ತರೀಕೆರೆ ಬಯಲಿನವರಿಗೆ ಇದರ ಪರಿಚಯ ಬೇರೆ ದಾರಿಯಿಂದ ಆಗಿದೆ. ಈ ಭಾಗದಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ತೀರಾ ಹೆಚ್ಚಾದರೆ ಬೆನ್ನು, ಕೀಲು ಬಿಗಿಯುತ್ತವೆ. ಕಾರಣ, ಫ್ಲೋರೈಡ್ ಇದೇ ಹರಳಿನೊಳಗೆ ನುಗ್ಗಿ ಅದರ ಒಂದು ಭಾಗದ ಜಾಗವನ್ನು ಹಿಡಿಯುತ್ತದೆ. ಮೂಳೆ ತೂಕದಲ್ಲಿ ಹೆಚ್ಚಿದಂತೆ ಕಂಡರೂ ಗುಣದಲ್ಲಿ ಕೆಡುತ್ತದೆ.

ಇದನ್ನು ಹೇಳಿದ್ದು ಒಂದು ಕಾರಣಕ್ಕೆ. ನಮ್ಮ ಮೂಳೆ ಒಣಗಿದ ಕಂಬವಲ್ಲ. ಹೊರಗಿನಿಂದ ಬಂದ ಖನಿಜವನ್ನು ಒಳಗೆ ಸೇರಿಸಿಕೊಳ್ಳುತ್ತ, ಹಳೆಯದನ್ನು ಬಿಡುತ್ತ ಇರುವ ಜೀವಂತ ವಸ್ತು. ಫ್ಲೋರೈಡ್ ಆ ಬಾಗಿಲಿನಿಂದ ಕೆಟ್ಟದಾಗಿ ಒಳಗೆ ಬಂದರೆ, ಬಯೋಆಕ್ಟಿವ್ ಗಾಜು ಅದೇ ಬಾಗಿಲನ್ನು ಒಳ್ಳೆಯದಕ್ಕೆ ಬಳಸಿಕೊಳ್ಳುತ್ತದೆ.

ಮತ್ತೆ ಸೆರಾಮಿಕ್ ಅಂದರೆ?

ಹೈಡ್ರಾಕ್ಸಿಅಪಟೈಟನ್ನೇ ಕಾರ್ಖಾನೆಯಲ್ಲಿ ತಯಾರಿಸಿ, ಕುಂಬಾರ ಮಡಕೆ ಸುಟ್ಟಂತೆ ಹೆಚ್ಚಿನ ಶಾಖದಲ್ಲಿ ಸುಟ್ಟು, ಸಣ್ಣ ಸಣ್ಣ ತೂತುಗಳಿರುವ ಹರಳು ಅಥವಾ ಬಿಲ್ಲೆ ಮಾಡುತ್ತಾರೆ. ಇದೇ ಬಯೋಸೆರಾಮಿಕ್. ಆ ತೂತುಗಳೊಳಗೆ ರಕ್ತನಾಳ, ಕೋಶ ಬೆಳೆಯುತ್ತವೆ. ಹೈಡ್ರಾಕ್ಸಿಅಪಟೈಟ್ ಬಹಳ ನಿಧಾನ ಕರಗುತ್ತದೆ, ವರ್ಷಗಳ ಮೇಲೂ ಎಕ್ಸ್‌ರೇಯಲ್ಲಿ ಕಾಣಬಹುದು. ಅದರ ದಾಯಾದಿ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗುತ್ತದೆ. ಎರಡನ್ನೂ ಬೆರೆಸಿ ಬೇಕಾದ ವೇಗಕ್ಕೆ ತರುತ್ತಾರೆ.

ಎರಡರ ದೌರ್ಬಲ್ಯ ಒಂದೇ: ಬಿರುಸು. ಹಂಚಿನ ಹಾಗೆ, ಒತ್ತಿದರೆ ತಡೆಯುತ್ತವೆ, ಬಗ್ಗಿಸಿದರೆ ಒಡೆಯುತ್ತವೆ. ನಮ್ಮ ಮೂಳೆಯಲ್ಲಿ ಖನಿಜದ ಜೊತೆಗೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಹೆಣೆದುಕೊಂಡಿರುವುದರಿಂದ ಅದಕ್ಕೆ ಬಾಗುವ ಶಕ್ತಿ ಇದೆ. ಗಾಜಿಗೆ ಆ ನಾರು ಇಲ್ಲ. ಅದಕ್ಕೇ ತೊಡೆಯ ಮೂಳೆಗೆ ರಾಡ್ ಹಾಕದೆ ಬರೀ ಗಾಜು ತುಂಬಿ ನಡೆಸುವ ಪ್ರಶ್ನೆಯೇ ಬರುವುದಿಲ್ಲ. ಸಂದೇಶದಲ್ಲಿ ನಮಗೆ ಅತಿ ಅಪಾಯಕಾರಿ ಅನ್ನಿಸಿದ್ದು "ರಾಡ್ ಬೇಡ" ಎಂಬ ಈ ಎರಡು ಪದಗಳೇ.

ಎಲ್ಲೆಲ್ಲಿ ಬಳಸುತ್ತಾರೆ?

ಬಯೋಆಕ್ಟಿವ್ ಗಾಜು ಆಸ್ಪತ್ರೆಗೆ ಮೊದಲು ಬಂದದ್ದು ಕಾಲಿಗಲ್ಲ, ಕಿವಿಗೆ. ಮಧ್ಯಕಿವಿಯ ಪುಟ್ಟ ಮೂಳೆಗಳ ಬದಲಿಗೆ ಇಡುವ ಸಾಧನಕ್ಕೆ 1985ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1993ರ ಹೊತ್ತಿಗೆ ಒಸಡಿನ ಕಾಯಿಲೆಯಿಂದ ಹಲ್ಲಿನ ಸುತ್ತ ಕರಗಿದ ಮೂಳೆಗೆ ತುಂಬುವ ಪುಡಿ ಬಂತು. ದಂತವೈದ್ಯರಲ್ಲಿ ಇಂದಿಗೂ ಇದರ ಬಳಕೆ ಇದೆ. ಫಿನ್ಲೆಂಡಿನ ತುರ್ಕುವಿನಲ್ಲಿ ಬೆಳೆದ ಎಸ್53ಪಿ4 ಎಂಬ ಇನ್ನೊಂದು ಗಾಜು ಮೂಳೆಯ ಹಳೆಯ ಸೋಂಕಿಗೆ ಹೆಸರಾಗಿದೆ. ಅದು ಕರಗುವಾಗ ಸುತ್ತಲಿನ ಜಾಗವನ್ನು ಕ್ಷಾರೀಯ ಮಾಡುತ್ತದೆ, ಬ್ಯಾಕ್ಟೀರಿಯಾ ಅಲ್ಲಿ ಬದುಕುವುದು ಕಷ್ಟ. ಹಾಗಂತ ಕೆಟ್ಟ ಮೂಳೆಯನ್ನು ಪೂರ್ತಿ ಕೆರೆದು ತೆಗೆಯದೆ ಗಾಜು ತುಂಬಿದರೆ ಕೆಲಸವಾಗದು.

ನಿಮ್ಮ ಬಚ್ಚಲಿನಲ್ಲೂ ಇದು ಇರಬಹುದು! ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುವವರಿಗೆ ಮಾಡಿದ ಕೆಲವು ಟೂತ್‌ಪೇಸ್ಟುಗಳ ಡಬ್ಬಿಯಲ್ಲಿ ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್ ಎಂದು ಬರೆದಿರುತ್ತದೆ. ಅದು ಇದೇ 45ಎಸ್5 ಗಾಜಿನ ನುಣ್ಣನೆಯ ಪುಡಿ. ಹಲ್ಲಿನ ಸಣ್ಣ ತೂತುಗಳನ್ನು ಖನಿಜದಿಂದ ಮುಚ್ಚುತ್ತದೆ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಹೃದಯದ ಕವಾಟಕ್ಕೆ ಹೆಸರಾದ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹರಿಕೃಷ್ಣ ವರ್ಮ ಅವರ ತಂಡ ಹೈಡ್ರಾಕ್ಸಿಅಪಟೈಟಿಗೆ ಸಿಲಿಕಾ ಸೇರಿಸಿದ ಸೆರಾಮಿಕ್ ಮಾಡಿ ಮೇಕೆಗಳ ತೊಡೆಮೂಳೆಯಲ್ಲಿ ಪರೀಕ್ಷಿಸಿದೆ. ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯಲ್ಲೂ ಇಂಥ ವಸ್ತುಗಳು ರೂಪುಗೊಂಡಿವೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಮತ್ತು ಸಂಗಡಿಗರು ವರ್ಷಗಟ್ಟಲೆ ಮೂಳೆ, ಹಲ್ಲಿನ ಬಯೋಸೆರಾಮಿಕ್‌ಗಳ ಮೇಲೆ ಕೆಲಸ ಮಾಡಿದ್ದಾರೆ. ಬಸು ಅವರಿಗೆ 2013ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂದಿದೆ. ಇವರ್ಯಾರೂ ಮೂರು ದಿನದಲ್ಲಿ ಮೂಳೆ ಕೂಡುತ್ತದೆ ಅಂದಿಲ್ಲ.

ಹಾಗಾದರೆ "ಮೂರು" ಎಲ್ಲಿಂದ ಬಂತು?

ನಮ್ಮ ಊಹೆ ಇಷ್ಟು. 2025ರ ಸೆಪ್ಟೆಂಬರಿನಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಸಂಶೋಧಕರು ಬೋನ್-02 ಎಂಬ ಮೂಳೆ ಅಂಟಿನ ಸುದ್ದಿ ಪ್ರಕಟಿಸಿದರು. ಸಮುದ್ರದ ಸಿಂಪಿ ಬಂಡೆಗೆ ಅಂಟಿಕೊಳ್ಳುವುದನ್ನು ನೋಡಿ ಮಾಡಿದ ಈ ಅಂಟು ಎರಡು ಮೂರು ನಿಮಿಷದಲ್ಲಿ ಮೂಳೆ ಚೂರುಗಳನ್ನು ಹಿಡಿದುಕೊಳ್ಳುತ್ತದೆ ಎಂದರು. ಹಿಡಿದುಕೊಳ್ಳುವುದು ಬೇರೆ, ಮೂಳೆ ಕೂಡುವುದು ಬೇರೆ. ಅದು ಅಂಟು, ಇದು ಗಾಜು. ಎರಡೂ ಸುದ್ದಿ ಒಂದು ಸಂದೇಶದಲ್ಲಿ ಬೆರೆತು, ನಿಮಿಷ ದಿನವಾಗಿ, ಸಂಶೋಧನೆ ಮನೆಮದ್ದಾಗಿ ಹೋಗಿರಬಹುದು.

ನಾಟಿ ಕಟ್ಟು, ಮಂಗರವಳ್ಳಿ ಬಗ್ಗೆ

ಈ ವಿಷಯ ಬಂದಾಗ ಮನೆಯ ಹಿರಿಯರು ಹೇಳುವುದು ಇದನ್ನೇ: "ಅಯ್ಯೋ, ನಮ್ಮ ಕಾಲದಲ್ಲಿ ಬಿದಿರು ಪಟ್ಟಿ ಕಟ್ಟಿ ಸೊಪ್ಪು ಹಚ್ಚಿದರೆ ವಾಸಿಯಾಗ್ತಿತ್ತು." ಆಗುತ್ತಿತ್ತು, ನಿಜ. ಜರುಗದೆ ನೆಟ್ಟಗಿದ್ದ ಮುರಿತ ಅಲ್ಲಾಡದಂತೆ ಕಟ್ಟಿದರೆ ತಾನೇ ಕೂಡುತ್ತದೆ. ಆದರೆ ಎಕ್ಸ್‌ರೇ ಇಲ್ಲದೆ ಯಾವುದು ಜರುಗಿದೆ, ಯಾವುದು ಇಲ್ಲ ಎಂದು ಹೊರಗಿನಿಂದ ಗೊತ್ತಾಗುವುದು ಕಷ್ಟ. ಮಂಗರವಳ್ಳಿಯ ಮೇಲೆ ಪ್ರಾಣಿಗಳಲ್ಲಿ, ಸ್ವಲ್ಪ ಮಟ್ಟಿಗೆ ಮನುಷ್ಯರಲ್ಲೂ ಅಧ್ಯಯನ ನಡೆದಿದೆ. ಚಟ್ನಿ ಮಾಡಿ ತಿನ್ನಿ, ಯಾರದ್ದೂ ಅಡ್ಡಿಯಿಲ್ಲ. ಕಳೆದುಹೋದ ಮೂಳೆಯ ಜಾಗವನ್ನು ಅದು ತುಂಬುವುದಿಲ್ಲ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ನಾಟಿ ಕಟ್ಟೇ ಇರಲಿ, ಆಸ್ಪತ್ರೆಯ ಪಿಒಪಿಯೇ ಇರಲಿ, ಕಟ್ಟಿದ ಮೇಲೆ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ಮೆಲ್ಲಗೆ ಚಾಚಿದರೂ ತಡೆಯಲಾರದ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಒಳಗೆ ಒತ್ತಡ ಹೆಚ್ಚಿ ರಕ್ತ ಓಡುತ್ತಿಲ್ಲ ಎಂದರ್ಥ. ಕೆಲವು ಗಂಟೆ ತಡವಾದರೂ ಕೈಕಾಲು ಶಾಶ್ವತವಾಗಿ ಕೆಡಬಹುದು. ತಕ್ಷಣ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ.

ಡಾಕ್ಟರು "ಬೋನ್ ಗ್ರಾಫ್ಟ್ ಬೇಕು" ಅಂದರೆ

ದೊಡ್ಡ ಮುರಿತಗಳಿಗೆ ಈ ಭಾಗದವರು ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಇಲ್ಲವೇ ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಅವಸರದಲ್ಲಿ ಸಹಿ ಹಾಕುವ ಮುನ್ನ ಕೇಳಲು ಸಂಕೋಚಪಡಬೇಡಿ: ಸರ್, ತುಂಬುವುದು ನಮ್ಮದೇ ಮೂಳೆಯಾ, ಗಾಜು ಅಥವಾ ಸೆರಾಮಿಕ್ಕಾ, ಎರಡೂ ಸೇರಿಸಿಯಾ? ದೊಡ್ಡ ಗುಳಿಗಳಿಗೆ ಹೆಚ್ಚಾಗಿ ಸ್ವಂತ ಮೂಳೆಯ ಜೊತೆಗೆ ಇದನ್ನು ಬೆರೆಸುತ್ತಾರೆ, ಸೊಂಟದಿಂದ ತೆಗೆಯುವ ಪ್ರಮಾಣ ಅಷ್ಟು ಕಡಿಮೆಯಾಗುತ್ತದೆ. ಹಸುವಿನ ಅಥವಾ ಬೇರೆ ಪ್ರಾಣಿಯ ಮೂಳೆಯಿಂದ ಮಾಡಿದ ಗ್ರಾಫ್ಟುಗಳೂ, ಮುಖ್ಯವಾಗಿ ಹಲ್ಲಿನ ಚಿಕಿತ್ಸೆಯಲ್ಲಿ, ಇವೆ. ಅದು ಬೇಡ ಅನ್ನುವವರು ಮೊದಲೇ ಹೇಳಿದರೆ ಗಾಜು, ಸೆರಾಮಿಕ್ ಆಯ್ಕೆ ಇರುತ್ತದೆ.

ಖರ್ಚಿನ ವಿಷಯ. ಇವು ಸಿಸಿ ಲೆಕ್ಕದ ಸಣ್ಣ ಪ್ಯಾಕಿನಲ್ಲಿ ಬರುತ್ತವೆ, ಎಷ್ಟು ಸಿಸಿ ಬೇಕು ಎಂಬುದರ ಮೇಲೆ ಬಿಲ್ಲು ಏರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಗ್ರಾಫ್ಟಿನ ಖರ್ಚು ಅದರೊಳಗೆ ಬರುತ್ತದೆಯೇ, ಹೊರಗೆ ಕಟ್ಟಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಆಪರೇಷನ್‌ಗೆ ಮೊದಲೇ ಕೇಳಿ.

ದೇಹದೊಳಗೆ ಇಡುವ ಇಂಥ ವಸ್ತುಗಳು ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತವೆ. ಸೋಂಕುರಹಿತ ಪ್ಯಾಕಿನಲ್ಲಿ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್ ಸಮೇತ ಬರಬೇಕು. ಫಾರ್ವರ್ಡಿನ ಕೆಳಗಿನ ಫೋನ್ ನಂಬರಿಗೆ ದುಡ್ಡು ಹಾಕಿ ಕೊರಿಯರ್‌ನಲ್ಲಿ ತರಿಸಿಕೊಳ್ಳುವ ಡಬ್ಬಿ ಏನೇ ಇರಲಿ, ಇದಂತೂ ಅಲ್ಲ. ಆಪರೇಷನ್ ಆದಮೇಲೆ ಪ್ಯಾಕಿನ ಸ್ಟಿಕ್ಕರನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಲು ಹೇಳಿ. ಡಿಸ್ಚಾರ್ಜ್ ಚೀಟಿ, ಹಳೆಯ ಎಕ್ಸ್‌ರೇ ಜೊತೆ ಅದನ್ನು ಜೋಪಾನ ಮಾಡಿ. ಆರು ತಿಂಗಳ ನಂತರ ಬೇರೆ ಊರಿನ ಡಾಕ್ಟರು ಎಕ್ಸ್‌ರೇ ನೋಡಿ "ಇಲ್ಲಿ ಬೆಳ್ಳಗೆ ಕಾಣ್ತಿರೋದು ಏನು?" ಎಂದು ಕೇಳಿದಾಗ ತೋರಿಸಲು ಅದು ಬೇಕಾಗುತ್ತದೆ.